ಸೀಟು ಕೈ ಬದಲಾದಾಗ



ಮಗಳೇ, ಇದು ದೊಡ್ಡಮ್ಮ ನಿನಗೆ ಬರೆದ ಪತ್ರವೇ ಆದರೂ, ಅಮೆರಿಕದಲ್ಲಿ ಚೊಚ್ಚಲ ಹೆರಿಗೆಯ ದಿನ ಎಣಿಸುತ್ತಿರುವ ನಿನ್ನಂಥ ಹೆಣ್ಣುಮಕ್ಕಳೂ ಅವರ ಗಂಡಂದಿರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕನ್ನಡ ಕೂಟದ ಗೆಳತಿಯೊಬ್ಬಳು ತನ್ನ ಮಗನ ಬಟ್ಟೆಬರೆ, ಕಾರ್ ಸೀಟು ಎಲ್ಲವನ್ನೂ ನಿನಗೇ ಕೊಡುತ್ತಾಳಂತೆ. ಸಂತೋಷ. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಚೆನ್ನಾಗಿ ಬೆಳೆದ ಮಗುವಿನ ಹಳೇ ಅಂಗಿ ಹಾಕಬೇಕು ಎನ್ನುವುದು ನಮ್ಮ ಕಡೆ ಇದ್ದದ್ದೇ. ಒಗೆದು ಒಗೆದು ಮೆತ್ತಗಾದ ಬಟ್ಟೆ ಎಳೆ ಮೈಗೆ ಹಿತವೂ ಹೌದು. ಬಟ್ಟೆಯನ್ನು ಕಣ್ಣುಮುಚ್ಚಿ ಇಸಿದುಕೋ. ಕಾರ್ ಸೀಟನ್ನು ಮಾತ್ರ, ಸಂಬಂಧ ಬೆಳೆಸುವ ಮೊದಲು ಗಂಡಿನ ಕಡೆಯವರನ್ನು ವಿಚಾರಿಸುತ್ತಾರಲ್ಲ, ಅಷ್ಟು ವಿಚಾರಿಸಿ ಮನೆಯೊಳಗೆ ತೆಗೆದುಕೋ.

ಮೊದಲು ಸೀಟನ್ನು ಮಗುಚಿ ನೋಡು. ಬೆನ್ನಿಗೋ ತಳಕ್ಕೋ ಒಂದು ಚೀಟಿ ಅಂಟಿಸಿರುತ್ತಾರೆ. ಮಾಡೆಲ್ ನಂಬರ್, ತಯಾರಾದ ದಿನಾಂಕ ಅದರಲ್ಲಿರುತ್ತದೆ. ಎಲ್ಲಿಯವರೆಗೆ ಬಳಸಬಹುದು ಎಂಬುದೂ ಅಲ್ಲೇ ಇರುತ್ತದೆ, ಇಲ್ಲವೇ ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿರುತ್ತದೆ. ಚೀಟಿ ಕಿತ್ತುಹೋಗಿದ್ದರೆ ಆ ಸೀಟು ಬೇಡ. ಅವಧಿ ಮೀರಿದ್ದರೂ ಬೇಡ. ಆಮೇಲೆ ಗೆಳತಿಯನ್ನು ನೇರವಾಗಿ ಕೇಳು: ‘ಈ ಸೀಟು ಇದ್ದಾಗ ಕಾರು ಎಲ್ಲಾದರೂ ಗುದ್ದಿತ್ತಾ?’ ಕೇಳಲು ಸಂಕೋಚವಾಗುತ್ತದೆ, ನನಗೆ ಗೊತ್ತು. ಆದರೆ ಜೋರಾಗಿ ಪೆಟ್ಟು ತಿಂದ ಸೀಟಿನ ಬಿರುಕು ಹೊರಗೆ ಕಾಣಲೇಬೇಕೆಂದಿಲ್ಲ. ಹಿಂದಿನ ಕಥೆ ಗೊತ್ತಿಲ್ಲದ ಸೀಟನ್ನು ಗ್ಯಾರೇಜ್ ಸೇಲಿನಲ್ಲಿ ಕೊಳ್ಳಬಾರದು ಎನ್ನುವುದೂ ಇದಕ್ಕೇ.

ಇಷ್ಟೆಲ್ಲ ಸರಿಯಿದ್ದರೂ ಮುಖ್ಯವಾದ ಇನ್ನೊಂದು ವಿಷಯ ಉಳಿಯುತ್ತದೆ, ರೀಕಾಲ್, ಅಂದರೆ ದೋಷವಿರುವ ಸರಕನ್ನು ಕಂಪನಿ ವಾಪಸ್ ಕರೆಸುವುದು ಇಲ್ಲವೇ ಸರಿಪಡಿಸಿಕೊಡುವುದು. 2014ರ ಫೆಬ್ರವರಿಯಲ್ಲಿ ಗ್ರಾಕೋ ಕಂಪನಿ ಸುಮಾರು 37 ಲಕ್ಷ ಸೀಟುಗಳ ರೀಕಾಲ್ ಪ್ರಕಟಿಸಿತು. ಜುಲೈನಲ್ಲಿ ಹಸುಗೂಸುಗಳ ಇನ್ನೂ 19 ಲಕ್ಷ ಸೀಟು ಅದಕ್ಕೆ ಸೇರಿದವು. ದೋಷವೇನು ಗೊತ್ತೇ? ಮಗು ಚೆಲ್ಲಿದ ಹಾಲು, ಜ್ಯೂಸು, ತಿಂಡಿಯ ಪುಡಿ ಬಕಲ್‌ನೊಳಗೆ ಇಳಿದು ಒಣಗಿ, ಬಕಲ್ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಪಟ್ಟಿಯನ್ನೇ ಕತ್ತರಿಸಿ ಮಗುವನ್ನು ಹೊರಗೆ ತೆಗೆದ ತಂದೆತಾಯಿಗಳೂ ಇದ್ದರು. ಕಾರಿಗೆ ಬೆಂಕಿ ಬಿದ್ದಾಗ, ನೀರಿಗೆ ಉರುಳಿದಾಗ ಕತ್ತರಿ ಹುಡುಕುತ್ತಾ ಕೂರಲಾಗುತ್ತದೆಯೇ? ಪರಿಹಾರವಾಗಿ ಕಂಪನಿ ಹೊಸ ಬಕಲ್ ಅನ್ನು ಪುಕ್ಕಟೆ ಕಳಿಸಿತು. ಆದರೆ ದೋಷವನ್ನು ತಡವಾಗಿ ತಿಳಿಸಿದ್ದಕ್ಕೆ 2015ರಲ್ಲಿ ಅಮೆರಿಕ ಸರ್ಕಾರ 1 ಕೋಟಿ ಡಾಲರ್ ದಂಡ ಹಾಕಿತು. ಅದರಲ್ಲಿ 70 ಲಕ್ಷವನ್ನು ಮಕ್ಕಳ ಸುರಕ್ಷತೆಯ ಕೆಲಸಕ್ಕೇ ಖರ್ಚುಮಾಡಲು ಅವಕಾಶ ಕೊಟ್ಟಿತು. ಸೀಟು ಕೊಂಡವರ ಹೆಸರು ನೋಂದಣಿ ಹೆಚ್ಚುವಂತೆ ಮಾಡುವುದೂ ಆ ಕೆಲಸಗಳಲ್ಲಿ ಒಂದಾಗಿತ್ತು.

ಇಡೀ ವಿಷಯದ ಗಂಟು ಇರುವುದು ಆ ನೋಂದಣಿಯಲ್ಲೇ. ಅಲ್ಲಿ ಮಾರುವ ಪ್ರತಿ ಹೊಸ ಸೀಟಿಗೂ ಅಂಚೆ ಖರ್ಚಿಲ್ಲದ ಒಂದು ಕಾರ್ಡು ಲಗತ್ತಾಗಿರುತ್ತದೆ. ಜಾಹೀರಾತಿನ ಕಾಗದವೆಂದು ಎಷ್ಟೋ ಜನ ಅದನ್ನು ಡಬ್ಬದ ಜೊತೆ ಎಸೆಯುತ್ತಾರೆ. ನಿನ್ನ ಗೆಳತಿ ತುಂಬಿ ಕಳಿಸಿದ್ದಾಳೆ ಎಂದೇ ಇಟ್ಟುಕೋ. ಅದರಲ್ಲಿರುವುದು ಅವಳ ಹೆಸರು, ಅವಳ ಹಳೇ ಮನೆಯ ವಿಳಾಸ. ಸೀಟು ನಿನ್ನ ಮನೆಗೆ ಬಂದರೂ ಎಚ್ಚರಿಕೆಯ ಪತ್ರ ಅವಳ ಹಳೇ ಮನೆಗೇ ಹೋಗುತ್ತದೆ. ಅದಕ್ಕೇ ಚೀಟಿಯ ಮೇಲಿನ ನಂಬರ್, ತಾರೀಕು ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ನಿನ್ನ ಹೆಸರು ಸೇರಿಸು. ಹಿಂದೆ ಏನಾದರೂ ರೀಕಾಲ್ ಆಗಿತ್ತೇ ಎಂಬುದನ್ನು ಎನ್‌ಎಚ್‌ಟಿಎಸ್‌ಎ, ಅಂದರೆ ಅಲ್ಲಿನ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡು. ನಾಳೆ ನೀನು ಆ ಸೀಟನ್ನು ಇನ್ನೊಬ್ಬಳಿಗೆ ದಾಟಿಸುವಾಗ ಅವಳ ಕೈಯಲ್ಲೂ ಇದನ್ನೇ ಮಾಡಿಸು.

ಸುದ್ದಿ ತಲುಪದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಫಿಶರ್-ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಸಾಕ್ಷಿ. ಅದು ಕಾರ್ ಸೀಟಲ್ಲ, ಕೂಸನ್ನು ಓರೆಯಾಗಿ ಮಲಗಿಸುವ ತೊಟ್ಟಿಲು. 2019ರ ಏಪ್ರಿಲ್‌ನಲ್ಲಿ 47 ಲಕ್ಷ ತೊಟ್ಟಿಲುಗಳನ್ನು ವಾಪಸ್ ಕರೆಸಿದರು. ಆದರೂ 2023ರ ಜನವರಿಯಲ್ಲಿ ಅದೇ ರೀಕಾಲನ್ನು ಮತ್ತೆ ಸಾರಬೇಕಾಯಿತು. ಅಷ್ಟರಲ್ಲಿ ವರದಿಯಾದ ಸಾವುಗಳು ಸುಮಾರು 100. ಕನಿಷ್ಠ 8 ಕೂಸುಗಳು ತೀರಿಕೊಂಡದ್ದು ಮೊದಲ ರೀಕಾಲ್ ಆದ ಮೇಲೆ. ತೊಟ್ಟಿಲು ಅಟ್ಟದ ಮೇಲೋ ನೆಂಟರ ಮನೆಯಲ್ಲೋ ಉಳಿದರೆ ಸರ್ಕಾರದ ಪ್ರಕಟಣೆಯಿಂದ ಏನು ಬಂತು?

ರೀಕಾಲ್ ಪತ್ರ ಬಂದರೆ ಗಾಬರಿಯಾಗಿ ಸೀಟನ್ನು ಕಸಕ್ಕೆ ಹಾಕಿ, ಅಂದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಡಬೇಡ. ಪತ್ರವನ್ನು ಪೂರ್ತಿ ಓದು. ಎಷ್ಟೋ ಸಲ ಒಂದು ಬಿಡಿಭಾಗ ಬದಲಿಸಿದರೆ ಮುಗಿಯುತ್ತದೆ. ಅಲ್ಲಿಯವರೆಗೆ ಬಳಸಬಹುದೇ ಬೇಡವೇ ಎನ್ನುವುದನ್ನೂ ಅದರಲ್ಲೇ ಬರೆದಿರುತ್ತಾರೆ. ಖರ್ಚು ನಿನ್ನದಲ್ಲ.

ಇನ್ನು ದಿನದಿನದ ಬಳಕೆ. ಕೂಸಿನ ಮುಖ ಕಾರಿನ ಹಿಂಬದಿಗಿರಲಿ. ಸೀಟಿಗೆ ಗೊತ್ತುಮಾಡಿದ ತೂಕ, ಎತ್ತರ ಮೀರುವವರೆಗೂ ಹಾಗೇ ಕೂರಿಸಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2018ರಿಂದ ಹೇಳುತ್ತಿದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಹಾಗೆ ಕೂರಿಸಬೇಡ. ಪಟ್ಟಿ ಎಷ್ಟು ಬಿಗಿ ಇರಬೇಕೆಂದರೆ, ಭುಜದ ಹತ್ತಿರ ಹೆಬ್ಬೆರಳು ತೋರುಬೆರಳಿನಿಂದ ಚಿವುಟಿದರೆ ಮಡಿಕೆ ಸಿಗಬಾರದು. ಎದೆಯ ಕ್ಲಿಪ್ ಕಂಕುಳ ಮಟ್ಟದಲ್ಲಿರಲಿ. ಚಳಿಗಾಲದಲ್ಲಿ ದಪ್ಪ ಜಾಕೆಟ್ ತೊಡಿಸಿ ಪಟ್ಟಿ ಹಾಕಿದರೆ ಬಿಗಿ ಇದ್ದಂತೆ ಕಾಣುತ್ತದೆ ಅಷ್ಟೆ. ಕಾರು ಗುದ್ದಿದಾಗ ಜಾಕೆಟ್ ಒತ್ತಿಕೊಂಡು ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಆಮೇಲೆ ಮೇಲಿಂದ ಹೊದಿಕೆ. ಸೀಟು ಕೂರಿಸಿದ್ದು ಸರಿಯೋ ಎಂಬ ಅನುಮಾನವಿದ್ದರೆ ತರಬೇತಿ ಪಡೆದವರು ನೋಡಿ ಹೇಳುತ್ತಾರೆ. ಹಲವೆಡೆ ಇದು ಪುಕ್ಕಟೆ.

ಮಲಗಿದ ಕೂಸನ್ನು ಎಬ್ಬಿಸಬೇಡಿ ಎನ್ನುವವರ ಪೈಕಿಯವಳೇ ನಾನು. ಈ ಒಂದು ಕಡೆ ಮಾತ್ರ ಎಬ್ಬಿಸಿದರೂ ಪರವಾಗಿಲ್ಲ. ಮನೆ ತಲುಪಿದ ಮೇಲೂ ಕೂಸನ್ನು ಸೀಟಿನಲ್ಲೇ ನಿದ್ದೆಗೆ ಬಿಟ್ಟರೆ ಕತ್ತು ಬಾಗಿ ಗಲ್ಲ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸು.

ಕೊನೆಗೆ, ಬಾಣಂತನಕ್ಕೆ ಬರುವ ನಿನ್ನಮ್ಮನ ವಿಷಯ. ಕೂಸು ಅತ್ತ ಕೂಡಲೇ ಅವಳು ‘ನನ್ನ ಮಡಿಲಿಗೆ ಕೊಡೇ, ಗಟ್ಟಿಯಾಗಿ ಹಿಡ್ಕೋತೀನಿ’ ಎನ್ನುತ್ತಾಳೆ. ಗಂಟೆಗೆ 50 ಕಿ.ಮೀ. ಹೋಗುವ ಕಾರು ಗುದ್ದಿ ನಿಂತರೆ 5 ಕೆ.ಜಿ. ಕೂಸನ್ನು ತಡೆಯಲು ನೂರು ಕೆ.ಜಿ. ಆಸುಪಾಸಿನ ಭಾರ ಹಿಡಿಯುವ ಶಕ್ತಿ ಬೇಕು. ಯಾವ ಅಜ್ಜಿಯ ತೋಳಿಗೂ ಅದು ಆಗದ ಕೆಲಸ. ಅಳು ನಿಲ್ಲದಿದ್ದರೆ ಕಾರು ಪಕ್ಕಕ್ಕೆ ನಿಲ್ಲಿಸಿ ಎತ್ತಿಕೊಳ್ಳಿ. ರಜೆಗೆ ಊರಿಗೆ ಬಂದಾಗಲೂ ಇದೇ ನಿಯಮ. ನಮ್ಮಲ್ಲೂ 2019ರ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವಿದೆ. ‘ಇಲ್ಲೇ ಜಯನಗರಕ್ಕೆ ಹೋಗೋದಕ್ಕೆ ಇಷ್ಟೆಲ್ಲ ಯಾಕೆ’ ಎಂದು ಯಾರಾದರೂ ಮುಖ ಸಿಂಡರಿಸಿದರೆ ನೀನು ವಾದಕ್ಕಿಳಿಯಬೇಡ. ದೊಡ್ಡಮ್ಮ ಹೇಳಿದ್ದಾಳೆ ಎನ್ನು. ಬೇಸರವೇನಿದ್ದರೂ ನನ್ನ ಮೇಲಿರಲಿ.

ಇಂತು ನಿನ್ನ,
ದೊಡ್ಡಮ್ಮ