ಪ್ಯೂರಿನ್ ನಮ್ಮ ಶತ್ರುವಲ್ಲ

ಬಕ್ರೀದ್ ಕಳೆದ ಮೇಲೆ ರಕ್ತಪರೀಕ್ಷೆಯ ಚೀಟಿ ಹಿಡಿದು ಬರುವವರು ಕೇಳುವ ಪ್ರಶ್ನೆ ಒಂದೇ: “ಹಕೀಮರೇ, ಯೂರಿಕ್ ಆಸಿಡ್ ಜಾಸ್ತಿಯಂತೆ. ಬೇಳೆಯನ್ನೂ ಬಿಡಬೇಕೇ?” ಹೆದರಿ ಎಲ್ಲವನ್ನೂ ಬಿಡುವ ಮೊದಲು ಪ್ಯೂರಿನ್ ಎಂದರೇನೆಂದು ತಿಳಿದುಕೊಳ್ಳಿ.

ಪ್ಯೂರಿನ್ ಸಾರಜನಕವುಳ್ಳ ಒಂದು ರಾಸಾಯನಿಕ. ಇದಕ್ಕೆ ಈ ಹೆಸರಿಟ್ಟ ಜರ್ಮನಿಯ ಎಮಿಲ್ ಫಿಷರ್ ಅವರಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಡೆನಿನ್ ಮತ್ತು ಗ್ವಾನಿನ್ ಎಂಬ ಎರಡು ಪ್ಯೂರಿನ್‌ಗಳು ನಮ್ಮ ಡಿಎನ್‌ಎಯಲ್ಲಿವೆ. ತಂದೆತಾಯಿಯ ಗುಣ ಮಕ್ಕಳಿಗೆ ಬರುವುದು ಈ ಬರಹದ ಮೂಲಕವೇ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯಲ್ಲೂ ಅಡೆನಿನ್ ಇದೆ. ಪ್ಯೂರಿನ್ ಇಲ್ಲದೆ ಕೈ ಎತ್ತಲೂ ಆಗದು.

ಹಾಗಾದರೆ ತೊಂದರೆ ಎಲ್ಲಿ? ಹಳೆಯ ಜೀವಕೋಶಗಳು ಒಡೆದಾಗ ಅವುಗಳ ಪ್ಯೂರಿನ್ ಯೂರಿಕ್ ಆಸಿಡ್ ಆಗುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ದೇಹದೊಳಗಿನಿಂದಲೇ ಬರುತ್ತದೆ, ಉಳಿದದ್ದು ಊಟದಿಂದ. ಹೆಚ್ಚಿನ ಪ್ರಾಣಿಗಳಲ್ಲಿ ಇದನ್ನು ಕರಗಿಸುವ ಯೂರಿಕೇಸ್ ಎಂಬ ಕಿಣ್ವವಿದೆ, ಮನುಷ್ಯನಲ್ಲಿ ಇಲ್ಲ. ಆದ್ದರಿಂದ ಮುಖ್ಯ ಭಾರ ಮೂತ್ರಪಿಂಡದ ಮೇಲೆ. 100 ಮಿಲಿ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಹರಳುಗಟ್ಟಬಹುದು. ಆ ಹರಳು ಕೀಲಿನಲ್ಲಿ ಕೂತರೆ, ಹೆಚ್ಚಾಗಿ ಕಾಲಿನ ಹೆಬ್ಬೆರಳಿನಲ್ಲಿ, ರಾತ್ರೋರಾತ್ರಿ ಊದಿ, ಕೆಂಪಾಗಿ, ಹೊದಿಕೆ ತಾಗಿದರೂ ಸಹಿಸಲಾಗದ ನೋವು ಬರುತ್ತದೆ. ಯುನಾನಿಯಲ್ಲಿ ಇದನ್ನೇ ನಿಕ್ರಿಸ್ ಎನ್ನುತ್ತೇವೆ. ಆದರೆ ಪ್ರಮಾಣ ಹೆಚ್ಚಿರುವ ಎಲ್ಲರಿಗೂ ಈ ಬೇನೆ ಬರುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಈ ಬೇನೆ ಇದ್ದರೆ ಕಲೇಜಿ, ಗುರ್ದೆ, ಭೇಜಾ ಬಿಡಲಿ. ಮಾಂಸ ಸ್ವಲ್ಪವೇ ಇರಲಿ. ಬೇಯಿಸುವಾಗ ಪ್ಯೂರಿನ್ ನೀರಿಗೆ ಇಳಿಯುವುದರಿಂದ ಗಟ್ಟಿ ಶೋರ್ವಾ ಕುಡಿಯುವುದು ಬೇಡ. ಬೇಳೆಕಾಳು, ಸೊಪ್ಪು ಬಿಡಬೇಕಿಲ್ಲ. ಅವುಗಳಿಂದ ಈ ಬೇನೆ ಹೆಚ್ಚುವುದು ಕಂಡುಬಂದಿಲ್ಲ. ಕೆನೆ ತೆಗೆದ ಹಾಲು, ಮೊಸರು ಒಳ್ಳೆಯದು. ಬಾಟಲಿಯ ಸಿಹಿ ಪಾನೀಯದಲ್ಲಿ ಪ್ಯೂರಿನ್ ಇರದಿದ್ದರೂ ಅದರ ಸಕ್ಕರೆ ಯೂರಿಕ್ ಆಸಿಡ್ ಏರಿಸುತ್ತದೆ. ಹಬ್ಬದ ಊಟದ ಜೊತೆ ಅದರ ಬದಲು ನೀರು ಇಡಿ. ಆದರೆ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಕೊನೆಯದಾಗಿ ಮೂರು ಎಚ್ಚರಿಕೆ. ಸುರಂಜಾನ್ ನಮ್ಮ ಹಳೆಯ ಔಷಧಿಯೇ. ಆದರೆ ಕಹಿ ಸುರಂಜಾನಿನಲ್ಲಿರುವ ಕಾಲ್ಚಿಸಿನ್ ಅಳತೆ ಮೀರಿದರೆ ಪ್ರಾಣಕ್ಕೇ ಅಪಾಯ. ಅತ್ತಾರರ ಅಂಗಡಿಯಿಂದ ತಂದು ನೀವಾಗಿಯೇ ಸೇವಿಸಬೇಡಿ. ಎರಡನೆಯದು, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರ ಇಳಿಸುವ ಮಾತ್ರೆಗಳೂ ಯೂರಿಕ್ ಆಸಿಡ್ ಹೆಚ್ಚಿಸುತ್ತವೆ. ಅವನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಮೂರನೆಯದು, ಊದಿದ ಕೀಲಿನ ಜೊತೆ ಜ್ವರ, ನಡುಕ ಬಂದರೆ ಅದು ಸೋಂಕಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಡವಾದರೆ ಕೀಲು ಶಾಶ್ವತವಾಗಿ ಹಾಳಾಗಬಹುದು.