ವಿದುರನ ಮನೆಯ ಅಡುಗೆ

ಮಾಣಿ, ನೀನು ಬೆಂಗಳೂರಿನ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಎರಡೇ ವಾರ ಹೋಗಿ, ಈಗ ಅದನ್ನು ಬಿಟ್ಟು ಎರಡು ದಿನದಲ್ಲಿ ಭಾಷಣದ ಹೆದರಿಕೆ ಓಡಿಸುವ ಯಾವುದೋ ದುಬಾರಿ ಕ್ಲಾಸಿಗೆ ದುಡ್ಡು ಕಟ್ಟುತ್ತೀಯಂತೆ. ನಿನ್ನ ಅಮ್ಮ ಹೇಳಿದಳು. ಎದ್ದು ನಿಂತರೆ ನಾಲಗೆ ಒಣಗುತ್ತದಂತೆ. ಒಣಗಲಿ. ನನ್ನದೂ ಒಣಗಿತ್ತು.

ಊರಿನ ಸಂಘದ ತಾಳಮದ್ದಳೆಯಲ್ಲಿ ನನಗೆ ಮೊದಲು ಸಿಕ್ಕಿದ್ದು ಕೃಷ್ಣಸಂಧಾನದ ವಿದುರ. ಪಾತ್ರದ ಮಾತು, ಅಂದರೆ ಅರ್ಥ, ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಭಾಗವತರ ಪದ ಮುಗಿಯಿತು, ಗಿಳಿಯ ಹಾಗೆ ಒಂದು ಪುಟ ಒಪ್ಪಿಸಿದೆ. ಕೃಷ್ಣನಾಗಿ ಕೂತಿದ್ದ ಹಿರಿಯರು ಮೆಲ್ಲಗೆ ನಕ್ಕು, “ಅದೆಲ್ಲ ಇರಲಿ ವಿದುರ, ಇವತ್ತು ಅಡುಗೆ ಏನು?” ಅಂದುಬಿಟ್ಟರು. ನನ್ನ ನಾಲ್ಕು ಪುಟದಲ್ಲಿ ಅಡುಗೆ ಇರಲಿಲ್ಲ! ‘ಕುಡಿತೆ ಹಾಲು ಇದೆ ಸ್ವಾಮೀ’ ಅಂದಿದ್ದರೆ ಸಭೆ ಕರಗುತ್ತಿತ್ತು. ಕೃಷ್ಣ ವಿದುರನ ಮನೆಯಲ್ಲಿ ಹಾಲು ಕುಡಿದ ಕತೆ ಗೊತ್ತಿಲ್ಲದವರು ಯಾರಿದ್ದಾರೆ? ಆ ಹೊತ್ತಿಗೆ ಹೊಳೆಯಲಿಲ್ಲ.

ಹೆದರಿ ಕೆಟ್ಟೆ ಅಂತ ಅವತ್ತು ಅಂದುಕೊಂಡಿದ್ದೆ. ಎದುರಿನವರು ಮಾತಾಡುವಾಗ ನಾನು ಎರಡನೇ ಪುಟದ ಮೊದಲ ಸಾಲು ಹುಡುಕುತ್ತಿದ್ದೆ ಅನ್ನುವುದು ಹೊಳೆದದ್ದು ಬಹಳ ತಡವಾಗಿ. ಆಮೇಲೆ ವಾರವಾರ ಸಂಘದಲ್ಲಿ ಕೂತೆ. ವರ್ಷವಿಡೀ ಸಣ್ಣಪುಟ್ಟ ಅರ್ಥಗಳೇ. ಎದುರಿನವರು ಬಿಟ್ಟ ಮಾತಿನ ಬಾಲ ಹಿಡಿದು ಮುಂದೆ ಹೋಗುವುದು ಅಲ್ಲಿ ಬಂತು, ಯಾರೂ ಕಲಿಸದೆ.

ನಿನ್ನ ಕ್ಲಬ್ಬಿನದ್ದೂ ಹೆಚ್ಚುಕಡಿಮೆ ಇದೇ ದಾರಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಇದನ್ನು ಶುರುಮಾಡಿದಾಗಲೂ ಮೇಷ್ಟ್ರ ಪಾಠಕ್ಕಿಂತ ಸದಸ್ಯರ ಸರದಿಯೇ ದೊಡ್ಡದಾಗಿತ್ತು. ಇವತ್ತು ಮಾತಾಡಿದವನು ನಾಳೆ ಇನ್ನೊಬ್ಬನ ಮಾತು ತೂಗಿ ಹೇಳಬೇಕು. ನೀನು ಹೆದರುವ ಆ ಟೇಬಲ್ ಟಾಪಿಕ್ಸ್ ಇದೆಯಲ್ಲ, ಚೀಟಿ ಎತ್ತಿದ ಹಾಗೆ ವಿಷಯ ಸಿಕ್ಕಿ ಒಂದೆರಡು ನಿಮಿಷ ಮಾತಾಡುವುದು, ಅದೇ ‘ಇವತ್ತು ಅಡುಗೆ ಏನು’.

ಒಂದು ಉಪಾಯ ಮಾಡು. ಭಾಷಣಕ್ಕೆ ಈಗಲೇ ಹೆಸರು ಕೊಡಬೇಡ. ಮಾತಿನ ನಡುವಿನ ‘ಆ… ಆ…’ ಎಣಿಸುವ ಆ-ಕೌಂಟರ್ ಕೆಲಸ ಕೇಳಿ ತೆಗೆದುಕೋ. ಇತರರ ‘ಅಂದ್ರೆ’, ‘ಆಕ್ಚುಲಿ’ ಲೆಕ್ಕ ಹಾಕುತ್ತಾ ಕೂತರೆ ಕಿವಿ ತೆರೆಯುತ್ತದೆ. ಕೊನೆಗೆ ಲೆಕ್ಕ ಒಪ್ಪಿಸಲು ಎದ್ದು ನಿಲ್ಲಲೇಬೇಕು, ಅರ್ಧ ನಿಮಿಷ. ನಾಲ್ಕರಿಂದ ಆರು ನಿಮಿಷದ ಮೊದಲ ಭಾಷಣ, ಆ ಐಸ್ ಬ್ರೇಕರ್, ಆಮೇಲೆ ಬರಲಿ. ಅದು ನಿನ್ನದೇ ಕತೆ, ಬಾಯಿಪಾಠ ಬೇಡ. ಸಭೆ ಮುಗಿದ ಕೂಡಲೇ ಮೊಬೈಲ್ ನೋಡುತ್ತಾ ಲಿಫ್ಟಿನ ಕಡೆ ಓಡಬೇಡ. ಚಹಾ ಕುಡಿಯುವವರ ಜೊತೆ ನಿಂತು, ಅವತ್ತು ಮಾತಾಡಿದ ಒಬ್ಬರಲ್ಲಿ ಅವರ ಭಾಷಣದ ಬಗ್ಗೆ ಏನಾದರೂ ಕೇಳು. ಗುರುತು ಪರಿಚಯ ಬೆಳೆಯುವುದು ಅಲ್ಲೇ.

ಆ ದುಬಾರಿ ಕ್ಲಾಸಿನವರಲ್ಲಿ ಒಂದೇ ಪ್ರಶ್ನೆ ಕೇಳಿ ನೋಡು: ಎರಡು ದಿನದಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ಉತ್ತರ ಕೇಳಿದ ಮೇಲೆ ದುಡ್ಡು ಕಟ್ಟಬೇಕೋ ಬೇಡವೋ ನಿನಗೇ ಗೊತ್ತಾದೀತು.

ಊರಿಗೆ ಬಂದಾಗ ಶನಿವಾರ ಸಂಘಕ್ಕೆ ಬಾ. ನಮ್ಮ ವಿದುರ ಮಗನ ಮನೆಗೆಂದು ಮುಂಬಯಿಗೆ ಹೋಗಿದ್ದಾರೆ, ಜಾಗ ಖಾಲಿ ಇದೆ. ಈಗ ಕೃಷ್ಣ ನಾನೇ.