ಅರ್ಜಿಯ ಕೆಳಗಿನ ಸಹಿ ಸ್ಪರ್ಧಿಯದು

ಮೈಸೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡು ಮಾಡೆಲಿಂಗ್ ಪೋರ್ಟ್‌ಫೋಲಿಯೊಗಳನ್ನು ತೆಗೆಯುತ್ತ ಬಂದವನು ನಾನು. ಆಮೇಲೆ ಫೋಟೊ ಮಾಡೆಲಿಂಗ್ ಸ್ಪರ್ಧೆಗಳಿಗೆ ಬಂದ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನೂ ಮಾಡಿದ್ದೇನೆ. ಕ್ಯಾಮೆರಾ ಹಿಂದೆ ನಿಂತು, ಪರಿಶೀಲನೆಯ ಮೇಜಿನ ಮುಂದೆಯೂ ಕೂತು ನೋಡಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಸ್ಪರ್ಧೆಯ ನಿಯಮ ಪಾಲಿಸುವ ಹೊಣೆ ಸ್ಪರ್ಧಿಯದೇ. ಫೋಟೊಗ್ರಾಫರ್, ಮೇಕಪ್‌ನವರು, ಅರ್ಜಿ ತುಂಬಿಕೊಟ್ಟ ಅಣ್ಣ ಯಾರೇ ಇರಲಿ, ಅವರು ನೆರವಿಗೆ ಬಂದವರಷ್ಟೆ.

ಒಳ್ಳೆಯ ಮುಖ, ಒಳ್ಳೆಯ ಬೆಳಕು, ಕಣ್ಣಲ್ಲಿ ಆತ್ಮವಿಶ್ವಾಸ ಎಲ್ಲ ಇದ್ದೂ ಮೊದಲ ಸುತ್ತಿನಲ್ಲೇ ಕೈಬಿಡಬೇಕಾದ ಅರ್ಜಿಗಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಒಂದು ಸ್ಪರ್ಧೆಯಲ್ಲಿ ರೀಟಚ್ ಮಾಡಿದ ಚಿತ್ರ ಬೇಡವೆಂದು ಸ್ಪಷ್ಟವಾಗಿ ಬರೆದಿದ್ದರು. ಬಂದ ಚಿತ್ರವೊಂದರಲ್ಲಿ ಯುವತಿ ಹಳೇ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ನೋಡಿದರೆ, ಅವಳ ಸೊಂಟದ ಪಕ್ಕದಲ್ಲಿ ನೆಟ್ಟಗಿರಬೇಕಾದ ಬಾಗಿಲ ಚೌಕಟ್ಟು ಒಳಕ್ಕೆ ಬಾಗಿತ್ತು. ಜುಮುಕಿಯ ಅಂಚು ಕೆನ್ನೆಯ ಬಣ್ಣದಲ್ಲಿ ಕರಗಿಹೋಗಿತ್ತು. ಮೂಲ ಫೈಲ್ ಕಳಿಸಿ ಎಂದು ಕೇಳಿದೆವು. ಅದು ಇರಲಿಲ್ಲ. ‘ನಾನೇನೂ ಎಡಿಟ್ ಮಾಡಿಲ್ಲ ಸರ್, ಫೋನಿನಲ್ಲೇ ಹಾಗೆ ಬಂತು’ ಎಂದಳು. ಅವಳು ಹೇಳಿದ್ದು ಸುಳ್ಳೇನಲ್ಲ. ಬ್ಯೂಟಿ ಮೋಡ್ ಆನ್ ಇದ್ದರೆ ಫೋನು ತಾನಾಗಿಯೇ ಚರ್ಮ ನುಣುಪು ಮಾಡುತ್ತದೆ, ಕೆಲವು ಫೋನುಗಳು ಮೈಯನ್ನೂ ತೆಳ್ಳಗೆ ಮಾಡುತ್ತವೆ. ಆದರೆ ಅದನ್ನು ಆಫ್ ಮಾಡಿ ಕ್ಲಿಕ್ಕಿಸಬೇಕಾದವರು ಯಾರು? ನಿಯಮವನ್ನು ಶೂಟ್‌ಗೆ ಮುಂಚೆ ಓದಿದ್ದರೆ ಅದೇ ಹುಡುಗಿ, ಅದೇ ಬಾಗಿಲು, ಅದೇ ಜುಮುಕಿ ಎರಡನೇ ಸುತ್ತಿಗೆ ಬರುತ್ತಿದ್ದವು.

ಮೂಲ ಫೈಲಿನ ವಿಷಯದಲ್ಲೂ ಜಾಗ್ರತೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಫೈಲು ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಅಳಿದುಹೋಗುತ್ತದೆ. ‘ಆರು ತಿಂಗಳೊಳಗಿನ ಚಿತ್ರ’ ಎಂಬ ಷರತ್ತಿದ್ದರೆ ಆ ವಿವರವೇ ಸಾಕ್ಷಿ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಫಲಿತಾಂಶ ಬರುವವರೆಗೆ ಅಳಿಸಬೇಡಿ.

ಇನ್ನು ವಯಸ್ಸು. ‘ಫೈನಲ್ ಹೊತ್ತಿಗೆ ಹದಿನೆಂಟು ತುಂಬುತ್ತಲ್ಲ’ ಎಂಬ ವಾದ ಪ್ರತಿ ಸಲವೂ ಬರುತ್ತದೆ. ಲೆಕ್ಕಕ್ಕೆ ಬರುವುದು ನಿಯಮದಲ್ಲಿ ನಮೂದಿಸಿದ ದಿನಾಂಕ ಮಾತ್ರ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಅದಕ್ಕೇ ಸಂಘಟಕರು ಕಿರಿಯರ ವಿಭಾಗದಲ್ಲಿ ಪೋಷಕರ ಸಹಿ ಕೇಳುವುದು. ಅದನ್ನು ಕಿರಿಕಿರಿ ಎಂದುಕೊಳ್ಳುವ ಮನೆಯವರಿಗೆ ನಾನು ಹೇಳುವುದಿಷ್ಟೆ: ಆ ಸಹಿ ನಿಮ್ಮ ಮಗುವಿಗೆ ಕಾವಲು.

ಹೆಚ್ಚಿನವರು ಯೋಚಿಸದೇ ಇರುವುದು ಚಿತ್ರದ ಹಕ್ಕಿನ ಬಗ್ಗೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಗೆಳೆಯನೊಬ್ಬ ಪ್ರೀತಿಯಿಂದ ಪುಕ್ಕಟೆ ತೆಗೆದುಕೊಟ್ಟಿದ್ದರೆ ಹಕ್ಕು ಸಾಮಾನ್ಯವಾಗಿ ಅವನದೇ. ಚಿತ್ರದಲ್ಲಿರುವ ಮುಖ ನನ್ನದು ಎಂದ ಮಾತ್ರಕ್ಕೆ ಅದು ನನ್ನ ಸ್ವತ್ತಾಗುವುದಿಲ್ಲ. ‘ಎಲ್ಲ ಹಕ್ಕು ನನ್ನಲ್ಲಿದೆ’ ಎಂದು ಟಿಕ್ ಹಾಕುವ ಮೊದಲು ಅವನಿಂದ ಎರಡು ಸಾಲು ಬರೆಸಿಕೊಳ್ಳಿ.

ನಿಯಮ ಪಾಲನೆ ಊರಿನ ಸಣ್ಣ ಸ್ಪರ್ಧೆಗಳ ಮಾತಷ್ಟೇ ಅಲ್ಲ. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್, ಅದು ಎಐ ಬಳಸಿ ಮಾಡಿದ ಚಿತ್ರ ಎಂದು ಹೇಳಿ ಬಹುಮಾನ ನಿರಾಕರಿಸಿದರು. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬುವರು ಫ್ಲೆಮಿಂಗೊ ಹಕ್ಕಿಯ ಅಸಲಿ ಫೋಟೊವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಪಡೆದರು. ನಿಜ ತಿಳಿಸಿದಾಗ ಅನರ್ಹರಾದರು. ಇಬ್ಬರೂ ಚರ್ಚೆ ಎಬ್ಬಿಸಲೆಂದೇ ಹಾಗೆ ಮಾಡಿದವರು. ಎಷ್ಟೇ ಸೊಗಸಾದ ಚಿತ್ರವಾದರೂ ವಿಭಾಗದ ನಿಯಮಕ್ಕೆ ಹೊಂದದಿದ್ದರೆ ಅದಕ್ಕೆ ಅಲ್ಲಿ ಜಾಗವಿಲ್ಲ ಎಂಬುದನ್ನು ಈ ಎರಡೂ ಪ್ರಸಂಗ ತೋರಿಸಿದವು.

ಹಾಗಾದರೆ ನಿಯಮಗಳೆಲ್ಲ ನ್ಯಾಯವಾದವೇ? ಇಲ್ಲ. ತಾಯಿ ಎಂಬ ಕಾರಣಕ್ಕೆ 2018ರಲ್ಲಿ ಮಿಸ್ ಉಕ್ರೇನ್ ಕಿರೀಟ ಕಳೆದುಕೊಂಡ ವೆರೊನಿಕಾ ಡಿಡುಸೆಂಕೊ, ಆ ನಿಯಮವೇ ತಪ್ಪೆಂದು ಬಹಿರಂಗವಾಗಿ ಹೋರಾಡಿದರು. ಮಿಸ್ ಯೂನಿವರ್ಸ್ ಸ್ಪರ್ಧೆ 2023ರಿಂದ ವಿವಾಹಿತೆಯರಿಗೂ ತಾಯಂದಿರಿಗೂ ತೆರೆದುಕೊಂಡಿತು, 2024ರಲ್ಲಿ ವಯಸ್ಸಿನ ಮೇಲ್ಮಿತಿಯನ್ನೂ ಕೈಬಿಟ್ಟಿತು. ಸರಿಕಾಣದ ನಿಯಮವನ್ನು ಪ್ರಶ್ನಿಸಿ, ಅದು ನಿಮ್ಮ ಹಕ್ಕು. ಅರ್ಜಿಯಲ್ಲಿ ಸುಳ್ಳು ಬರೆದು ಅದನ್ನು ದಾಟಲು ನೋಡಬೇಡಿ. ಆ ಸುಳ್ಳಿನ ಭಾರ ಗೆದ್ದ ಮೇಲೂ ತಲೆಯ ಮೇಲಿರುತ್ತದೆ.

ನನ್ನ ಬಳಿ ಪೋರ್ಟ್‌ಫೋಲಿಯೊಗೆ ಬರುವವರಿಗೆ ಈಗ ಮೊದಲು ನಿಯಮಾವಳಿ ತನ್ನಿ ಎನ್ನುತ್ತೇನೆ. ಇಬ್ಬರೂ ಕೂತು ಓದುತ್ತೇವೆ. ಸಂಘಟಕರು ನಮ್ಮಿಂದ ಏನು ಕೇಳುತ್ತಾರೆ ಎಂಬುದರ ಜೊತೆಗೆ, ನಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನೂ ನೋಡುತ್ತೇವೆ: ಚಿತ್ರವನ್ನು ಜಾಹೀರಾತಿಗೆ ಬಳಸುತ್ತಾರೆಯೇ, ಎಷ್ಟು ಕಾಲ, ಶುಲ್ಕ ವಾಪಸ್ಸಾಗುತ್ತದೆಯೇ. ಅರ್ಥವಾಗದ್ದನ್ನು ಸಂಘಟಕರಿಗೇ ಬರೆದು ಕೇಳಿ, ಉತ್ತರವನ್ನು ಜೋಪಾನ ಮಾಡಿ. ಉತ್ತರ ಕೊಡಲು ಹಿಂಜರಿಯುವ ಸ್ಪರ್ಧೆಗೆ ಹಣ ಕಟ್ಟಬೇಡಿ.